ಕೆಮ್ಮಣ್ಣಿನ ಅಂಗಿ ತೊಟ್ಟ ಕರಿಮರಿ

ನಾನು ಚಿಕ್ಕವನಿದ್ದಾಗ ನಮ್ಮೂರಿನ ಕೋಳಿಗಳೆಲ್ಲ ಕೆಂಚಗಿದ್ದವು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಯಾರ ಮನೆಯ ತಿಪ್ಪೆ ನೋಡಿದರೂ ಹೊಸ ಹೆಂಚಿನ ಬಣ್ಣದ ಕೋಳಿಗಳೇ ಕೆದಕುತ್ತಿದ್ದವು. ನೆಲವೂ ಅದೇ ಬಣ್ಣದ್ದು. ದೇವನೂರು ಕಡೆಯ ನಮ್ಮ ಹಳ್ಳಿಯ ಸುತ್ತ ಕೆಮ್ಮಣ್ಣಿನ ಹೊಲಗಳು. ಹೊಲಗಳಾಚೆ ಜಾಲಿ, ಕಾರೆ, ಕಳ್ಳಿ, ತಂಗಡಿ ಬೆಳೆದ ಕುರುಚಲು. ಬೇಸಿಗೆಯಲ್ಲಿ ಗಾಳಿ ಎದ್ದರೆ, ಒಗೆದು ಹರವಿದ ಅಪ್ಪನ ಬಿಳಿ ಪಂಚೆ ಸಂಜೆಯೊಳಗೆ ಸನ್ಯಾಸಿಯ ಕಾವಿಯಾಗುತ್ತಿತ್ತು. ಆ ನೆಲದ ಮೇಲೆ ಕೆಂಚು ಮರಿಯೊಂದು ಮುದುರಿ ಕೂತರೆ, ಅದು ಮರಿಯೋ ಮಣ್ಣಿನ ಹೆಂಟೆಯೋ ಎಂದು ಥಟ್ಟನೆ ಹೇಳಲಾಗುತ್ತಿರಲಿಲ್ಲ.

ಮರಿಗಳಿಗೆ ಬೇಕಾಗಿದ್ದೂ ಅದೇ. ಏಕೆಂದರೆ ಮೇಲೆ ಹದ್ದು ಇತ್ತು. ರೆಕ್ಕೆ ಬಡಿಯದೆ ನಮ್ಮ ಸೂರಿನ ಮೇಲೆ ಸುತ್ತು ಹಾಕುತ್ತಿದ್ದ ಹದ್ದಿನ ನೆರಳು ಅಂಗಳದಲ್ಲಿ ಹಾದುಹೋದರೆ ಸಾಕು, ತಾಯಿಕೋಳಿ ಗಂಟಲೊಳಗೇ ‘ಕ್ರ್ರ್’ ಎಂದು ಒಂದು ಸದ್ದು ಮಾಡುತ್ತಿತ್ತು. ಮರಿಗಳು ಇದ್ದಲ್ಲೇ ಕುಸಿದು ಕೂರುತ್ತಿದ್ದವು. ತಾಯಿ ಹೇಂಟೆ ‘ಕೊಕ್ ಕೊಕ್’ ಎಂದು ಕರೆಯುವವರೆಗೆ ಒಂದೂ ಮಿಸುಕುತ್ತಿರಲಿಲ್ಲ. ಇಂಥ ಶಿಸ್ತು ನಮ್ಮ ಶಾಲೆಯ ಪ್ರಾರ್ಥನೆಯಲ್ಲೂ ಇರಲಿಲ್ಲ.

ಅಪರೂಪಕ್ಕೊಮ್ಮೆ ಕೆಂಚು ಕೋಳಿಯ ಮೊಟ್ಟೆಯೊಡೆದು ಕರಿಯ ಮರಿಯೊಂದು ಬರುತ್ತಿತ್ತು. ಅದೂ ತಾಯಿ ಹೇಳಿದಂತೆಯೇ ಕುಸಿದು ಕೂರುತ್ತಿತ್ತು. ಆದರೆ ಕೆಂಪು ನೆಲದ ಮೇಲೆ ಕರಿಯದು ಎಷ್ಟು ಸುಮ್ಮನಿದ್ದರೇನು? ಎಲೆಯಲ್ಲಿ ಬಡಿಸಿದ ಅನ್ನದ ಮೇಲೆ ಸಾಸಿವೆ ಕಂಡಂತೆ ಕಾಣುತ್ತಿತ್ತು. ‘ಕರಿ ಹುಟ್ಟಿದರೆ ಹದ್ದಿನ ಪಾಲು’ ಎಂಬುದು ನಮ್ಮೂರಿನ ಮಾತು. ಯಾರೂ ಅದಕ್ಕೆ ಹೆಸರಿಡುತ್ತಿರಲಿಲ್ಲ, ಮುದ್ದು ಮಾಡುತ್ತಿರಲಿಲ್ಲ.

ನಾನು ಮಾಡಿದೆ. ನಾನಾಗ ಮೂರನೇ ತರಗತಿ ಮುಗಿಸಿ ರಜೆಯಲ್ಲಿದ್ದೆ. ನಮ್ಮ ಹೇಂಟೆ ಆ ಸಲ ಮಾಡಿದ ಮರಿಗಳಲ್ಲಿ ಒಂದು ಕರಿ. ಮೈಯೆಲ್ಲ ಒಲೆಯ ಮಸಿ, ಹೊಟ್ಟೆಯಡಿ ಮಾತ್ರ ಹತ್ತಿಯ ಎಳೆಯಷ್ಟು ಬಿಳುಪು. ಅಂಗೈಯಲ್ಲಿಟ್ಟುಕೊಂಡರೆ ಬಿಸಿ ಮುದ್ದೆ ಹಿಡಿದ ಹಾಗೆ. ಅದನ್ನು ಹದ್ದಿಗೆ ಬಿಡಲು ನನಗೆ ಮನಸ್ಸಾಗಲಿಲ್ಲ. ಹೊಸಿಲಿಗೆ ಬಳಿಯಲೆಂದು ಅವ್ವ ಕೆಮ್ಮಣ್ಣನ್ನು ಪುಡಿ ಮಾಡಿ ಮೂಲೆಯ ಮಡಕೆಯಲ್ಲಿ ಇಟ್ಟಿರುತ್ತಿದ್ದಳು. ದಿನಾ ಬೆಳಿಗ್ಗೆ ಅಪ್ಪ ಕೋಳಿ ಮುಚ್ಚಿದ ಬಿದಿರಿನ ಮಂಕರಿಯನ್ನು ಎತ್ತುವ ಮೊದಲು ನಾನು ಕೈಹಾಕಿ ಕರಿಮರಿಯನ್ನು ಹಿಡಿಯುತ್ತಿದ್ದೆ. ಒದ್ದೆ ಬೆರಳಿಗೆ ಆ ಪುಡಿ ಹತ್ತಿಸಿಕೊಂಡು ಅದರ ಬೆನ್ನಿಗೆ, ರೆಕ್ಕೆಗೆ, ನೆತ್ತಿಗೆ ಸವರಿ ಬಿಡುತ್ತಿದ್ದೆ. ಹೀಗೆ ದಿನಕ್ಕೊಂದು ಹೊಸ ಅಂಗಿ.

“ನೋಡೆ, ನಿನ್ನ ಮಗ ಕೋಳಿಮರೀಗೂ ಯೂನಿಫಾರಂ ಹಾಕಿ ಕಳಿಸ್ತಾನೆ” ಎಂದು ಅಪ್ಪ ಅವ್ವನಿಗೆ ಹೇಳಿ ನಗುತ್ತಿದ್ದರು. ನಕ್ಕರೂ ಬೇಡವೆನ್ನಲಿಲ್ಲ. ಹೊತ್ತಿಗೆ ಸರಿಯಾಗಿ ತಪ್ಪದೆ ಮಾಡುವ ಯಾವ ಕೆಲಸವನ್ನೂ ಅಪ್ಪ ಬೇಡವೆನ್ನುತ್ತಿರಲಿಲ್ಲ. ಎದ್ದ ಕೂಡಲೆ ಹಾಸಿಗೆ ಸುತ್ತುವುದು, ಚಪ್ಪಲಿಯನ್ನು ಹೊರಮುಖವಾಗಿ ಬಿಡುವುದು ನನಗೆ ಅವರಿಂದಲೇ ಬಂತು. ಅಂಗಿ ತೊಟ್ಟ ಕರಿಮರಿ ಉಳಿಯಿತು.

ಆ ವರ್ಷವೇ ಅಕ್ಕನ ಗಂಡನ ಮನೆಯವರು ಊರೊಳಗಿನ ಮನೆ ಬಿಟ್ಟು ಹೊಲದ ಪಕ್ಕದಲ್ಲಿ ಹೊಸ ಮನೆ ಕಟ್ಟಿಕೊಂಡಿದ್ದರು. ನರಸೀಪುರದಿಂದಾಚೆ, ಕಾಲುವೆ ನೀರಿನ ಸೀಮೆ. ‘ಅಂಗಳ ಬಣಗುಟ್ಟುತ್ತದೆ, ನಮ್ಮನೆಯ ಕೋಳಿ ಮರಿ ಸಮೇತ ತಂದುಕೊಡಿ’ ಎಂದು ಅಕ್ಕ ಹೇಳಿ ಕಳಿಸಿದ್ದಳು. ಹಾಗೆ ತವರಿನಿಂದ ಕೋಳಿ ಕೊಟ್ಟು ಕಳಿಸುವುದು ನಮ್ಮ ಕಡೆಯ ರೂಢಿ. ಅಪ್ಪ ಆರಿಸಿ ಆರಿಸಿ, ಚುರುಕಾದ ಕೆಂಚು ಮರಿಗಳನ್ನೇ ತಾಯಿಯ ಜೊತೆ ಬುಟ್ಟಿಗೆ ಹಾಕಿದರು. ಕರಿಯದನ್ನು ಪಕ್ಕಕ್ಕೆ ಸರಿಸಿದರು. ಮಗಳ ಮನೆಗೆ ಹದ್ದಿನ ಪಾಲನ್ನು ಯಾರು ಒಯ್ಯುತ್ತಾರೆ?

ಆದರೆ ತಾಯಿಯಿಲ್ಲದೆ ಅದೊಂದೇ ಮನೆಯಲ್ಲಿ ಉಳಿದರೆ? ನಾನು ಬುಟ್ಟಿಯ ಹಿಡಿ ಬಿಡಲಿಲ್ಲ.

“ಸರಿ, ಹಾಕ್ಕೊ. ಅಲ್ಲಿ ಹೋದ್ಮೇಲೆ ಅಳಬಾರ್ದು” ಎಂದರು ಅಪ್ಪ. ನಾನು ಆ ದಿನದ ಅಂಗಿಯನ್ನು ಎಂದಿಗಿಂತ ದಪ್ಪಗೆ ಬಳಿದು, ಕರಿಮರಿಯನ್ನು ಬುಟ್ಟಿಗೆ ಇಳಿಸಿದೆ. ದಿನಾ ಬಳಿಯೆಂದು ಅಕ್ಕನಿಗೆ ಕೊಡಲು ಕೆಮ್ಮಣ್ಣಿನ ಪೊಟ್ಟಣ ಕಟ್ಟಿಕೊಳ್ಳುವುದು ಗಡಿಬಿಡಿಯಲ್ಲಿ ಮರೆತೇಹೋಯಿತು.

ನಂಜನಗೂಡಿನಲ್ಲಿ ಇಳಿದು ನರಸೀಪುರದ ಬಸ್ಸು ಹತ್ತಿದೆವು. ಕಂಡಕ್ಟರು ಬುಟ್ಟಿಗೆ ಕಿವಿಕೊಟ್ಟು, “ಏನ್ ಯಜಮಾನ್ರೆ, ಒಳಗಿರೋರ್ಗೆಲ್ಲ ಟಿಕೆಟ್ ಯಾರು ತಗೊಳ್ಳೋರು?” ಎಂದ.

“ಎಲ್ಲಾ ಕೈಕೂಸುಗಳು ಕಣಪ್ಪ, ತೊಡೆ ಮೇಲೆ ಕೂತ್ಕತವೆ” ಎಂದರು ಅಪ್ಪ. ಬಸ್ಸೆಲ್ಲ ನಕ್ಕಿತು.

ನನಗೆ ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ಅಂದು ನಾನು ನೋಡಿದ್ದು ಒಂದು ಲೋಕ ಮುಗಿದು ಇನ್ನೊಂದು ಲೋಕ ಶುರುವಾದದ್ದನ್ನು. ನಮ್ಮ ಕಡೆ ಜಾಲಿಯ ಎಲೆ ಎಳ್ಳಿನಷ್ಟು ಚಿಕ್ಕದು. ಕಳ್ಳಿಯಂತೂ ಎಲೆಯ ಗೋಜೇ ಬೇಡವೆಂದು ಮುಳ್ಳು ಹೊತ್ತು ನಿಂತಿರುತ್ತದೆ. ನೀರು ಕಡಿಮೆ ಇರುವ ಕಡೆ ಎಲೆ ಹರಡಿದಷ್ಟೂ ನೀರು ಆರಿ ಹೋಗುತ್ತದಲ್ಲ, ಅದಕ್ಕೆ. ಬಸ್ಸು ಮುಂದೆ ಮುಂದೆ ಹೋದಂತೆ ಮುಳ್ಳು ಹಿಂದೆ ಬಿತ್ತು. ಕಾಲುವೆ ಬಂತು, ಕಾಲುವೆಯ ಏರಿಯ ಮೇಲೆ ಛತ್ರಿಯಂಥ ಕೆಸುವಿನ ಎಲೆಗಳು ಬಂದವು, ಬಾಳೆ ಬಂತು, ಕಣ್ಣು ತಂಪಾಗುವಷ್ಟು ಭತ್ತದ ಹಸಿರು ಬಂತು. ಮಣ್ಣು ಮೊದಲು ಕಂದಾಯಿತು, ಆಮೇಲೆ ಬೂದುಬಣ್ಣಕ್ಕೆ ತಿರುಗಿತು. ನರಸೀಪುರ ದಾಟಿ ಅಕ್ಕನ ಊರಿನ ಬಳಿ ಇಳಿದಾಗ ನೆಲ ಕಾವಲಿಯ ತಳದಷ್ಟು ಕಪ್ಪಗಿತ್ತು. ಎರೆಮಣ್ಣು. ಹಿಂದಿನ ದಿನ ಮಳೆಯಾಗಿತ್ತು. ಅಪ್ಪನ ಚಪ್ಪಲಿಗೆ ಆ ಮಣ್ಣು ಮೆತ್ತಿ ಮೆತ್ತಿ, ಅವರು ನಾಲ್ಕು ಬೆರಳು ಎತ್ತರವಾದರು.

ಊರೊಳಗೆ ಹಾದು ಹೋಗುವಾಗ ತಿಪ್ಪೆಗಳ ಮೇಲೆ ಕೋಳಿಗಳು ಕಂಡವು. ಒಂದೂ ಕೆಂಚಗಿರಲಿಲ್ಲ, ಎಲ್ಲವೂ ಕರಿ, ಇಲ್ಲವೇ ಬೂದಿ ಬೆರೆತ ಕರಿ. ಅಪ್ಪ ಲೊಚಗುಟ್ಟಿದರು. “ಈ ಊರಲ್ಲಿ ಲಕ್ಷಣವಾದ ಒಂದ್ ಕೋಳಿನೂ ಇಲ್ವಲ್ಲೊ. ನಾವು ತಂದಿದ್ದು ಒಳ್ಳೇದೇ ಆಯ್ತು.” ನಾನೂ ಹೌದೆಂದು ತಲೆಯಾಡಿಸಿದೆ. ನಮ್ಮಿಬ್ಬರ ಕಣ್ಣೆದುರಿಗೇ ಉತ್ತರ ಕೆದಕಿಕೊಂಡು ತಿನ್ನುತ್ತಿತ್ತು, ಇಬ್ಬರೂ ನೋಡಲಿಲ್ಲ.

ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. ಬುಟ್ಟಿ ಬಿಚ್ಚಿ ಒಂದೊಂದೇ ಮರಿಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಕರಿಮರಿಯ ಸರದಿ ಬಂದಾಗ ಅವಳ ಕೆನ್ನೆಯೆಲ್ಲ ಕೆಂಪಾಯಿತು.

“ಥೂ, ಇದೇನ್ಲಾ ಇದಕ್ಕೆ ಮೆತ್ತಿದ್ದೀಯ? ಪಾಪ, ಉಸಿರು ಕಟ್ಕಂಡದೆ!” ಎಂದವಳೇ, ನಾನು ಬಾಯಿ ತೆರೆಯುವಷ್ಟರಲ್ಲಿ ಉಗುರುಬೆಚ್ಚಗಿನ ನೀರಿನ ತಂಬಿಗೆ ತಂದು, ಅದರ ಮೈ ತೊಳೆದು, ಸೆರಗಿನಿಂದ ಒರೆಸಿ, ಬಿಸಿಲಿಗೆ ಬಿಟ್ಟೇಬಿಟ್ಟಳು.

ನನ್ನ ಮರಿ ಬತ್ತಲೆ ನಿಂತಿತ್ತು. ಅಪ್ಪಟ ಕರಿ. ತಲೆಯೆತ್ತಿ ನೋಡಿದೆ. ಕಾಲುವೆಯ ಮೇಲೆ ಹದ್ದು ಸುತ್ತುತ್ತಿತ್ತು.

ಅಕ್ಕನ ಅತ್ತೆ ಜಗಲಿಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ಅವರ ಬಳಿಗೆ ಓಡಿದೆ. “ಅತ್ತೆ, ಒಂಚೂರು ಕೆಮ್ಮಣ್ಣು ಕೊಡಿ, ಬೇಗ.”

“ಕೆಮ್ಮಣ್ಣಾ? ನಮ್ಮೂರಲ್ಲಿ ದೇವ್ರ ಗೋಡೆಗೆ ಬಳಿಯಕ್ಕೇ ಕೆಮ್ಮಣ್ಣಿಲ್ಲ ಕಣಪ್ಪ. ಅಬ್ಬಕ್ಕೆ ಸಂತೆಯಿಂದ ತರ್ತೀವಿ. ಯಾಕ್ಲಾ, ಮನೆ ಸಾರಿಸ್ಕೊಡ್ತೀಯಾ?” ಎಂದು ಅವರು ನಕ್ಕರು.

ಹಿತ್ತಲು, ಕೊಟ್ಟಿಗೆ, ಕಾಲುವೆಯ ಏರಿ, ಎಲ್ಲ ಕಡೆ ಹುಡುಕಿದೆ. ಒಂದು ಚಿಟಿಕೆ ಕೆಂಪು ಸಿಗಲಿಲ್ಲ. ಒಡೆದ ಹೆಂಚಿನ ಚೂರೊಂದನ್ನು ಕಲ್ಲಿನ ಮೇಲೆ ಉಜ್ಜಿ ಪುಡಿ ಮಾಡಲು ಕೂತೆ. ಅಷ್ಟರಲ್ಲಿ ಅಂಗಳದಿಂದ ಹೇಂಟೆಯ ‘ಕ್ರ್ರ್’ ಕೇಳಿತು, ಹಿಂದೆಯೇ ಅಕ್ಕನ ಕೂಗು. ಓಡಿ ಬಂದೆ. ಹದ್ದು ಮೇಲೇರುತ್ತಿತ್ತು. ಅದರ ಕಾಲಲ್ಲಿದ್ದದ್ದು ಕರಿಯದಲ್ಲ, ಒಂದು ಕೆಂಚು ಮರಿ.

ಅಪ್ಪ ನಂಬಲಿಲ್ಲ. ಅಷ್ಟು ಚುರುಕಾದ ಮರಿ, ಅಷ್ಟು ಚೆನ್ನಾಗಿ ಕುಸಿದು ಕೂತದ್ದನ್ನು ಅವರೇ ನೋಡಿದ್ದರು. ಊಟ ಮುಗಿಯುವಷ್ಟರಲ್ಲಿ ಇನ್ನೊಂದು ಹೋಯಿತು. ಅದೂ ಕೆಂಚೇ.

“ಬೀಗ್ರೇ, ನೀವು ನನ್ ಸೊಸೆಗೆ ಕೋಳಿ ತಂದ್ರೋ, ನಮ್ಮೂರ ಅದ್ದಿಗೆ ಬೀಗರೂಟ ತಂದ್ರೋ?” ಎಂದರು ಅಕ್ಕನ ಅತ್ತೆ. ಅಕ್ಕ ತಲೆ ತಗ್ಗಿಸಿ ತಟ್ಟೆ ಎತ್ತಿದಳು. ತವರಿನಿಂದ ಬಂದದ್ದು ಹೀಗೆ ಕಣ್ಣೆದುರಿಗೇ ಹೋಗುತ್ತಿದ್ದರೆ ಅವಳಿಗೆ ಹೇಗಾಗಬೇಡ? ಆದರೆ ನನಗೆ ಒಂದೇ ಚಿಂತೆ. ಜಾಣ ಮರಿಗಳೇ ಹೋದ ಮೇಲೆ ಹದ್ದಿನ ಪಾಲೆಂದೇ ಹುಟ್ಟಿದ್ದು ಉಳಿದೀತೇ?

ನಾನು ಕೋಲು ಹಿಡಿದು ಕಾವಲು ನಿಂತೆ. ಹೇಂಟೆ ಮರಿಗಳನ್ನು ಕರೆದುಕೊಂಡು, ಆಗಷ್ಟೇ ಉತ್ತಿದ್ದ ಹೊಲಕ್ಕೆ ಇಳಿಯಿತು. ಮಳೆ ನೆನೆದ ಎರೆಮಣ್ಣಿನಲ್ಲಿ ಹುಳುಗಳು ಹೇರಳ. ನೇಗಿಲ ಸಾಲುಗಳ ನಡುವೆ ಕೆಂಚು ಮರಿಗಳು ಕರಿಯ ಕಂಬಳಿಯ ಮೇಲೆ ಚೆಲ್ಲಿದ ಮಾಗಿದ ಬಾರೆಹಣ್ಣಿನ ಹಾಗೆ ದೂರದಿಂದಲೇ ಕಾಣುತ್ತಿದ್ದವು. ಬಿಸಿಲು ಇಳಿಯತೊಡಗಿತ್ತು. ಅಪ್ಪ ಬುಟ್ಟಿ ಕೈಗೆತ್ತಿಕೊಂಡು, ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ನನ್ನನ್ನು ಕರೆಯುತ್ತಿದ್ದರು. ನಾನು ಅತ್ತ ತಿರುಗಿದ್ದಷ್ಟೆ. ನನ್ನ ಕಾಲ ಬಳಿ ನೆರಳು ಹಾಯಿತು. ಹೇಂಟೆ ಸದ್ದು ಮಾಡಿತು. ಕಿವಿಯ ಪಕ್ಕದಲ್ಲೇ ‘ಸುಯ್’ ಎಂದು ಗಾಳಿ.

ಕೋಲು ಬೀಸಿದೆ. ಹದ್ದು ನೆಲ ಮುಟ್ಟಿ ಎದ್ದದ್ದು ಕಂಡಿತು. ಕಾಲಲ್ಲಿ ಏನಾದರೂ ಇತ್ತೇ ಎಂದು ಬಿಸಿಲಿಗೆ ಕಾಣಲಿಲ್ಲ. ಅಕ್ಕ, ಅಪ್ಪ ಓಡಿ ಬಂದರು. ಕೆಂಚು ಮರಿಗಳು ಅಲ್ಲಲ್ಲಿ ಕುಸಿದು ಕೂತಿದ್ದವು. ಉಳಿದಷ್ಟೂ ಇದ್ದವು. ಕರಿಯದೊಂದೇ ಇಲ್ಲ.

“ಹೋಯ್ತು. ಅಕ್ಕ, ನೀನ್ ತೊಳ್ದೆ, ಅದಕ್ಕೇ ಹೋಯ್ತು” ಎಂದು ನಾನು ಅಲ್ಲೇ ಕೂಗಿ ಅತ್ತೆ. ಅಕ್ಕನ ಕಣ್ಣಲ್ಲೂ ನೀರು ಬಂತು. ಅವಳು ಹುಡುಕಲೆಂದು ಸೀರೆ ಎತ್ತಿ ಸಾಲಿನೊಳಗೆ ಹೆಜ್ಜೆಯಿಡಲು ಹೋದಳು.

“ನಿಂತ್ಕೊ!” ಎಂದರು ಅಪ್ಪ. ಅಷ್ಟು ಗಟ್ಟಿಯಾಗಿ ಅವರು ಎಂದೂ ಹೇಳಿದ್ದಿಲ್ಲ. “ಯಾರೂ ಕಾಲು ಎತ್ಬೇಡಿ. ಇದ್ದಲ್ಲೇ ಇರಿ. ನೀನು ಅಳೋದು ನಿಲ್ಸು. ತಾಯಿ ಕರೆಯೋವರ್ಗೂ ಮರಿ ಏಳಲ್ಲ. ನಾವು ಗದ್ದಲ ಮಾಡಿದ್ರೆ ತಾಯಿ ಕರೆಯಲ್ಲ.”

ನಾವು ಮೂವರೂ ಹೊಲದ ನಡುವೆ ಬೆದರುಬೊಂಬೆಗಳ ಹಾಗೆ ನಿಂತೆವು. ಜಗಲಿಯ ಮೇಲೆ ಅಕ್ಕನ ಅತ್ತೆಯೂ ಹುಣಸೆಹಣ್ಣು ಬಿಡಿಸುವುದನ್ನು ನಿಲ್ಲಿಸಿದರು. ನಾನು ತುಟಿ ಕಚ್ಚಿಕೊಂಡು ಅಳು ನುಂಗಿದೆ. ಹೇಂಟೆ ಕತ್ತು ಓರೆ ಮಾಡಿ ಒಂದೇ ಕಣ್ಣಲ್ಲಿ ಆಕಾಶ ನೋಡಿತು. ಮತ್ತೆ ನೋಡಿತು. ಕಾಲುವೆಯ ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ದೂರದ ರಸ್ತೆಯಲ್ಲಿ ಬಸ್ಸಿನ ಹಾರನ್ನು ಕೇಳಿತು. ಅಪ್ಪ ಅತ್ತ ನೋಡಲೂ ಇಲ್ಲ. ಹೊತ್ತು ಎಂದರೆ ಪ್ರಾಣ ಬಿಡುವ ನನ್ನ ಅಪ್ಪ, ಒಂದು ಕೋಳಿಮರಿಗಾಗಿ ಕೊನೆಯ ಬಸ್ಸನ್ನು ಬಿಟ್ಟು ಸುಮ್ಮನೆ ನಿಂತಿದ್ದರು.

ಆಮೇಲೆ ಹೇಂಟೆ ‘ಕೊಕ್’ ಎಂದಿತು. ‘ಕೊಕ್ ಕೊಕ್.’

ಕೆಂಚು ಮರಿಗಳು ಎದ್ದವು. ಅವುಗಳ ಹಿಂದೆ, ನನ್ನ ಬಲಗಾಲಿನ ಪಕ್ಕದಲ್ಲಿದ್ದ ಮಣ್ಣಿನ ಹೆಂಟೆಯೊಂದು ಮೈ ಕೊಡವಿ ಎದ್ದು ನಿಂತಿತು. ಹೊಟ್ಟೆಯಡಿಯ ಬಿಳುಪು ಆಗ ಕಂಡಿತು. ಅಲ್ಲಿಯವರೆಗೂ ಅದು ನನ್ನ ಕಾಲಿನ ಮಗ್ಗುಲಲ್ಲೇ ಇತ್ತು. ನಾನು ಅದರ ಮೇಲೆಯೇ ಕಣ್ಣಿಟ್ಟು ಅದಕ್ಕಾಗಿ ಅತ್ತಿದ್ದೆ. ಅದು ಏನೂ ಆಗದ ಹಾಗೆ ‘ಚಿಂವ್’ ಎಂದು ತಾಯಿಯ ಕಡೆ ಓಡಿತು.

ನಾನು ಎರೆಮಣ್ಣಿನಲ್ಲಿ ಹಾಗೇ ಕೂತುಬಿಟ್ಟೆ. ಎದೆಯ ಮೇಲಿಂದ ಬೀಸುವ ಕಲ್ಲನ್ನು ಯಾರೋ ಎತ್ತಿಟ್ಟ ಹಾಗಾಯಿತು. ಅಕ್ಕ ಅಳುತ್ತಲೇ ನಗುತ್ತಿದ್ದಳು. ಅಪ್ಪ ಒಂದು ಹಿಡಿ ಕರಿಮಣ್ಣು ಎತ್ತಿ, ಬೆರಳ ಸಂದಿಯಲ್ಲಿ ಉದುರಿಸುತ್ತ ಬಹಳ ಹೊತ್ತು ನೋಡಿದರು. ಆಮೇಲೆ ಊರಿನ ತಿಪ್ಪೆಗಳ ಕಡೆ ನೋಡಿದರು.

“ನಾನೆಂಥ ಬೆಪ್ಪ ನೋಡ್ರೋ” ಎಂದರು. “ನಮ್ಮೂರ ಜಾಣ ಮರಿಗಳನ್ನ ಆರಿಸಿ ತಂದು ಇಲ್ಲಿ ಪೆದ್ದು ಮಾಡ್ಬಿಟ್ಟೆ. ಇಲ್ಲೀಗೆ ಜಾಣ ಅಂದ್ರೆ ಆ ಕರಿಯದು.”

ಆ ರಾತ್ರಿ ಅಲ್ಲೇ ಉಳಿದೆವು. ಉಳಿದ ಕೆಂಚು ಮರಿಗಳನ್ನು ದೊಡ್ಡವಾಗುವವರೆಗೆ ಹಗಲೂ ಮಂಕರಿಯಡಿ ಇಡುವುದೆಂದು ಅಪ್ಪ ಏರ್ಪಾಡು ಮಾಡಿದರು. ಬೆಳಿಗ್ಗೆ ಹೊರಡುವಾಗ, “ನಿನ್ನ ಮರೀನ ವಾಪಸ್ ತಗೊಂಡು ಹೋಗ್ತೀಯಾ?” ಎಂದು ಅಕ್ಕ ಕೇಳಿದಳು. ನಾನು ಹೊಲದ ಕಡೆ ನೋಡಿದೆ. ಕರಿಮರಿ ಎಲ್ಲಿದೆಯೆಂದು ನನಗೆ ಕಾಣಲಿಲ್ಲ. ಅದು ಕಾಣದಿದ್ದುದೇ ನನಗೆ ಸಮಾಧಾನ ತಂದಿತು. “ಇಲ್ಲೇ ಇರ್ಲಿ. ಇಲ್ಲಿ ದಿನಾ ಅಂಗಿ ಹಾಕ್ಬೇಕಾಗಿಲ್ಲ” ಎಂದೆ.

ಅದು ಬೆಳೆದು ಹೇಂಟೆಯಾಯಿತು. ಅದರ ಮರಿಗಳಲ್ಲಿ ಕರಿಯವೂ ಇದ್ದವು, ಕೆಂಚೂ ಇದ್ದವು. ಕೆಂಚನ್ನು ಹದ್ದು ಒಯ್ಯಿತು. ಕರಿಯವು ದೊಡ್ಡವಾಗಿ ತಾವೂ ಮೊಟ್ಟೆಯಿಟ್ಟವು. ಕೆಲವು ವರ್ಷಗಳಲ್ಲಿ ಅಕ್ಕನ ಅಂಗಳ ಊರಿನ ತಿಪ್ಪೆಗಳ ಹಾಗೇ ಕಪ್ಪಾಯಿತು. “ಎರೆಮಣ್ಣಲ್ಲಿ ಒರಳಿ ಒರಳಿ ಬಣ್ಣ ಅತ್ಕಂಡದೆ” ಎಂದು ಅಕ್ಕನ ಅತ್ತೆ ಕೊನೆಯವರೆಗೂ ಹೇಳುತ್ತಿದ್ದರು. ಅಪ್ಪ ಒಪ್ಪುತ್ತಿರಲಿಲ್ಲ. ಮಣ್ಣು ಯಾವ ಮರಿಗೂ ಬಣ್ಣ ಬಳಿಯಲಿಲ್ಲ. ಬಳಿದವನು ನಾನೊಬ್ಬನೇ, ಅದೂ ಒಂದು ತಂಬಿಗೆ ನೀರಿಗೆ ಹೋಯಿತು. ಮರಿಗಳು ಹುಟ್ಟುವಾಗಲೇ ಬೇರೆ ಬೇರೆ ಬಣ್ಣದಲ್ಲಿ ಹುಟ್ಟಿದವು. ಹದ್ದು ಕಂಡದ್ದನ್ನು ಒಯ್ಯಿತು. ಕಾಣದ್ದು ಉಳಿದು, ತನ್ನ ಬಣ್ಣವನ್ನು ಮಕ್ಕಳಿಗೆ ಕೊಟ್ಟಿತು. ಅಷ್ಟೆ.

ಮೊನ್ನೆ ನನ್ನ ಮೊಮ್ಮಗಳು ವಿಜ್ಞಾನದ ಪುಸ್ತಕ ತಂದು ಪಕ್ಕದಲ್ಲಿ ಕೂತಳು. ಭೂಮಿಯನ್ನು ಬಣ್ಣ ಬಣ್ಣವಾಗಿ ಹಂಚಿದ ಚಿತ್ರ ಅದರಲ್ಲಿತ್ತು: ಮರುಭೂಮಿ, ಹುಲ್ಲುಗಾವಲು, ಮಳೆಕಾಡು, ಹಿಮದ ಸೀಮೆ. ಹಿಮದಲ್ಲಿ ಬಿಳಿ ಕರಡಿ, ಮರಳಲ್ಲಿ ಮರಳಿನ ಬಣ್ಣದ ನರಿ. ಒಂದೊಂದು ಸೀಮೆಗೆ ಒಂದೊಂದು ಬಗೆಯ ಗಿಡ, ಪ್ರಾಣಿ. ಇದಕ್ಕೆ ಬಯೋಮ್ ಎನ್ನುತ್ತಾರಂತೆ. ಹೊಂದಿಕೊಂಡದ್ದು ಉಳಿಯುವುದಕ್ಕೆ ನಿಸರ್ಗದ ಆಯ್ಕೆ ಎನ್ನುತ್ತಾರಂತೆ. ನಮ್ಮೂರೂ ಅಕ್ಕನ ಊರೂ ಬೇರೆ ಬೇರೆ ಬಯೋಮುಗಳೇ ಎಂದು ಕೇಳಿದೆ. ಅವಳು ಚಿತ್ರದ ಮೇಲೆ ಬೆರಳಿಟ್ಟು, “ಎರಡೂ ಒಂದೇ ತಾತ, ಇಷ್ಟು ಹತ್ತಿರ ಇದಾವಲ್ಲ” ಎಂದಳು. ಪುಸ್ತಕದ ಲೆಕ್ಕಕ್ಕೆ ಅದು ಸರಿ. ಕೋಳಿಮರಿಯ ಲೆಕ್ಕ ಇನ್ನೂ ಸಣ್ಣದು. ಅದಕ್ಕೆ ತನ್ನ ಕಾಲಡಿಯ ಅಂಗೈಯಗಲ ನೆಲವೇ ಒಂದು ಸೀಮೆ.

ನನ್ನ ಮೊಮ್ಮಕ್ಕಳು ನೋಡಿರುವ ಕೋಳಿಗಳು ಬಿಳಿಯವು. ಅವರಪ್ಪ ನಂಜನಗೂಡಿನ ಬಳಿಯ ತಾಂಡ್ಯದ ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಉದ್ದನೆಯ ಕೋಳಿ ಫಾರಂ ಇದೆ. ಮೇಲೆ ತಗಡು, ಸುತ್ತ ಬಲೆ, ಒಳಗೆ ಒಂದರಂತೆ ಇನ್ನೊಂದು, ಎಲ್ಲವೂ ಬಿಳಿ. ಹದ್ದಿನ ಕಣ್ಣು ಬೀಳದ ಕಡೆ ಬಿಳಿ ಬಣ್ಣಕ್ಕೂ ಭಯವಿಲ್ಲ. ನಾನು ಅದನ್ನು ಬೈಯುವುದಿಲ್ಲ. ಮೊಟ್ಟೆ ಎಲ್ಲ ಮಕ್ಕಳ ತಟ್ಟೆಗೂ ಬಂದಿದೆ. ಆ ಮರಿಗಳು ಮಾತ್ರ ನೆರಳು ಕಂಡು ಕುಸಿದು ಕೂತದ್ದಿಲ್ಲ, ತಾಯಿ ‘ಕೊಕ್’ ಎಂದಾಗ ಎದ್ದದ್ದೂ ಇಲ್ಲ.

ನಾನು ಹೇಳಿದ ಈ ಕಥೆ ಕೇಳಿ ಮುಗಿದ ಮೇಲೆ ಮೊಮ್ಮಗ ತನ್ನ ಅಪ್ಪನ ಫೋನು ಹಿಡಿದುಕೊಂಡು, “ತಾತ, ಆ ಮರಿ ಫೋಟೋ ಇದ್ಯಾ?” ಎಂದ. ಈಗ ಎಲ್ಲಕ್ಕೂ ಫೋಟೋ ಇರುತ್ತದೆ. ಆಗ ನಮ್ಮ ಮನೆಯಲ್ಲಿ ನನ್ನದೇ ಒಂದು ಫೋಟೋ ಇರಲಿಲ್ಲ, ಇನ್ನು ಕೋಳಿಮರಿಯದೆಲ್ಲಿ?

ಇದ್ದಿದ್ದರೂ ಪ್ರಯೋಜನವಿಲ್ಲ ಮಗು. ಅದರಲ್ಲಿ ನಿನಗೆ ಉತ್ತ ಹೊಲ ಕಾಣುತ್ತಿತ್ತು, ಅಳುವ ಹುಡುಗನೊಬ್ಬ ಕಾಣುತ್ತಿದ್ದ, ಅವನ ಕಾಲ ಬಳಿ ನಾಲ್ಕು ಹೆಂಟೆ ಕರಿಮಣ್ಣು ಕಾಣುತ್ತಿತ್ತು. ಅವುಗಳಲ್ಲಿ ಒಂದು ಉಸಿರಾಡುತ್ತಿದೆ ಎಂದು ನೀನು ನನ್ನ ಮಾತನ್ನೇ ನಂಬಬೇಕಾಗುತ್ತಿತ್ತು.